ಬೆಳ್ಳಿ ಬಣ್ಣದ ಬ್ರೇಕು

ಬಣ್ಣದಂಗಡಿಯ ಸಾಹುಕಾರರು ಹೆಂಡತಿಯ ಹೊಸ ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಕೇಳುವವರಿಗೂ ಕೇಳದವರಿಗೂ ಒಂದು ಘೋಷಣೆ ಹೊರಡಿಸಿದರು. ತಮ್ಮ ಮೈಯಲ್ಲಿ ಉಸಿರಾಡುವ ತನಕ ಈ ಕಾರಿನ ಮೇಲೆ ಸಾಸಿವೆಕಾಳಿನಷ್ಟು ತುಕ್ಕೂ ಕಾಣಿಸಕೂಡದು. ಕಾಣಿಸಿತೋ, ಅಂಗಡಿಯ ಬೋರ್ಡಿನಿಂದ ತಮ್ಮ ಹೆಸರನ್ನು ಯಾರು ಬೇಕಾದರೂ ಏಣಿ ಹಾಕಿ ಅಳಿಸಿಬಿಡಬಹುದು. ಏಣಿಯನ್ನೂ ತಾವೇ ಕೊಡುವುದಾಗಿ ಹೇಳಿದರು.

ಹಾಗೆ ಹೇಳುವ ಹಕ್ಕು ಅವರಿಗಿತ್ತು. ಊರಿನ ಅರ್ಧಕ್ಕರ್ಧ ಗೇಟುಗಳು, ಕಿಟಕಿಯ ಸರಳುಗಳು, ತಾರಸಿಯ ಟ್ಯಾಂಕಿಗೆ ಹತ್ತುವ ಕಬ್ಬಿಣದ ಮೆಟ್ಟಿಲುಗಳು ಅವರ ಅಂಗಡಿಯ ಬಣ್ಣ ಮೆತ್ತಿಕೊಂಡೇ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದವು. ತುಕ್ಕೆಂದರೆ ಅವರ ಹೊಟ್ಟೆಪಾಡು, ತುಕ್ಕೆಂದರೆ ಅವರ ಆಜನ್ಮ ವೈರಿ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಗೇಟಿನ ಚಿಲಕವನ್ನು ಉಗುರಿನಲ್ಲಿ ಕೆರೆದು, ಆ ಮನೆಯವರ ಭವಿಷ್ಯವೇ ಕಂಡವರಂತೆ ತಲೆಯಾಡಿಸಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು.

ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯೇ ದವಾಖಾನೆ. ಬೀದಿಯವರಿಗೆಲ್ಲ ಅವರು ಡಾಕ್ಟರಮ್ಮ. ಗಂಡ ಗೋಡೆ ಬೆಳ್ಳಗೆ ಮಾಡುತ್ತಾನೆ, ಹೆಂಡತಿ ಹಲ್ಲು ಬೆಳ್ಳಗೆ ಮಾಡುತ್ತಾಳೆ ಎಂದು ಜನ ನಗೆಯಾಡುವುದಿತ್ತು. ಆಗಾಗ ಡಾಕ್ಟರಮ್ಮ ದೂರದ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಪರೀಕ್ಷೆ ಮಾಡಿ ಬರುತ್ತಿದ್ದರು. ಸಲಕರಣೆಗಳ ಭಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಲುಕಾಡಿ ಕುಲುಕಾಡಿ ಸೊಂಟ ಸೋತ ಮೇಲೆ, ತಮ್ಮದೇ ಸಂಪಾದನೆಯಲ್ಲಿ ಈ ಕಾರು ಕೊಂಡಿದ್ದರು. ಅಚ್ಚ ಬಿಳಿ ಬಣ್ಣದ್ದೇ ಬೇಕೆಂದು ಕಾದು ತಂದದ್ದು. ಹೀಗಾಗಿ ಕಾರು ಡಾಕ್ಟರಮ್ಮನದು. ಕಾರಿನ ಬಗೆಗಿನ ಅಭಿಪ್ರಾಯಗಳೆಲ್ಲ ಸಾಹುಕಾರರದು.

ಮೊದಲ ಭಾನುವಾರ ಸಾಹುಕಾರರು ಪಂಚೆ ಎತ್ತಿ ಕಟ್ಟಿ, ನಲ್ಲಿಗೆ ಪೈಪು ಸಿಕ್ಕಿಸಿ ಕಾರು ತೊಳೆದರು. ತೊಳೆದರು ಎನ್ನುವುದಕ್ಕಿಂತ ಮುಳುಗಿಸಿದರು ಎನ್ನಬೇಕು. ಗಾಲಿಗಳ ಸಂದುಗೊಂದಿಗೆಲ್ಲ ನೀರು ನುಗ್ಗಿಸಿ, ಹಳೆಯ ಹತ್ತಿಬಟ್ಟೆಯಿಂದ ಮೈ ಒರೆಸಿ, ಹೊದಿಕೆ ಹೊದಿಸಿ, ಮಗುವನ್ನು ಮಲಗಿಸಿದಂತೆ ಶೆಡ್ಡಿನ ಬಾಗಿಲು ಸದ್ದಿಲ್ಲದೆ ಮುಂದೆ ಮಾಡಿ ಬಂದರು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ತಂಗಿಯ ಗಂಡ, ಅಂದರೆ ಸಾಹುಕಾರರ ಷಡ್ಡಕ, ಹೊಸ ಕಾರು ನೋಡಲು ಬಂದರು. ಇವರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಗಾಡಿ ಬಂದು ನಿಂತಾಗಲೆಲ್ಲ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಯನ್ನು ಬಡಿದು, ಬಗ್ಗಿ ನೋಡಿ, ಸರಿಯಿದೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟಿತು, ಬಗ್ಗುವುದು ಬಿಡಲಿಲ್ಲ. ಸಾಹುಕಾರರು ಹೊದಿಕೆ ಸರಿಸಿ, ಬಾನೆಟ್ಟಿನ ಹೊಳಪನ್ನೋ ಸೀಟಿನ ಮೆತ್ತೆಯನ್ನೋ ಹೊಗಳಲಿ ಎಂದು ಕಾದರು. ಷಡ್ಡಕರು ಅದಾವುದರ ಕಡೆಗೂ ಕಣ್ಣು ಹಾಯಿಸದೆ ನೇರವಾಗಿ ಮುಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತರು.

"ಭಾವ, ತುಕ್ಕು."

ಸಾಹುಕಾರರ ಕಿವಿ ನೆಟ್ಟಗಾಯಿತು. ಅವರೂ ಕೂತು ನೋಡಿದರು. ಗಾಲಿಯ ಕಡ್ಡಿಗಳ ಹಿಂದೆ ಊಟದ ತಟ್ಟೆಯಷ್ಟಗಲದ ಒಂದು ಬಿಲ್ಲೆ ಇರುತ್ತದೆ. ಡಿಸ್ಕ್ ಎನ್ನುತ್ತಾರೆ. ಅದು ಗಾಲಿಯ ಜೊತೆಗೇ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಎರಡೂ ಕಡೆಯಿಂದ ಪ್ಯಾಡುಗಳು ಬಂದು ಅದನ್ನು ಅವುಚಿ ಹಿಡಿದು ಕಾರನ್ನು ನಿಲ್ಲಿಸುತ್ತವೆ. ನಿನ್ನೆ ಕನ್ನಡಿಯಂತೆ ಮಿನುಗುತ್ತಿದ್ದ ಆ ಬಿಲ್ಲೆಯ ಮೇಲೆ ಇವತ್ತು ಕೆಂಪು ಧೂಳು ಉದುರಿಸಿದ ಹಾಗೆ ತುಕ್ಕಿನ ತೆಳು ಪದರ! ಎಡಕ್ಕೂ ಅದೇ, ಬಲಕ್ಕೂ ಅದೇ. ಸಾಹುಕಾರರಿಗೆ ಮೈಯೆಲ್ಲ ಉರಿದುಹೋಯಿತು. ತುಕ್ಕು ಬಂತೆಂಬ ನೋವು ಒಂದು ಪಾಲಾದರೆ, ಅದನ್ನು ಕಂಡುಹಿಡಿದವರು ಷಡ್ಡಕ ಎಂಬ ನೋವು ಮೂರು ಪಾಲು. ಷಡ್ಡಕರು ಮಂಡಿ ಒರೆಸಿಕೊಂಡು ಎದ್ದರು. ಸಾಹುಕಾರರು ಬೀದಿಗೆಲ್ಲ ಕೇಳುವಂತೆ ಕಾರು ಕಂಪನಿಯವರನ್ನು ಬೈಯತೊಡಗಿದರು.

ಕೂಗಾಟ ಕೇಳಿ ಡಾಕ್ಟರಮ್ಮ ರೋಗಿಯನ್ನು ಕುರ್ಚಿಯಲ್ಲೇ ಬಿಟ್ಟು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬಂದರು. ಬಗ್ಗಿ, ಕತ್ತು ವಾಲಿಸಿ, ಬಾಯಿಯೊಳಗೆ ನೋಡುವ ಹಾಗೆಯೇ ಗಾಲಿಯೊಳಗೆ ನೋಡಿದರು.

"ಇದು ಹುಳುಕಲ್ಲ ರೀ, ಬರೀ ಕಲೆ. ನೀರು ಬಿದ್ದಿದೆ, ಮೇಲ್ಮೇಲೆ ಕೆಂಪಾಗಿದೆ. ಒಂದು ಸುತ್ತು ಓಡಿಸಿ ನಾಲ್ಕು ಸಲ ಬ್ರೇಕ್ ಹಾಕಿದ್ರೆ ತಾನೇ ಉಜ್ಕೊಂಡು ಹೋಗತ್ತೆ."

ಸಾಹುಕಾರರು ಸಿಡಿದರು. ನಿನ್ನ ರೋಗಿಗಳಿಗೂ ಹೀಗೇ ಹೇಳುತ್ತೀಯೇನು, ಮನೆಗೆ ಹೋಗಿ ನಾಲ್ಕು ಸಲ ಅಗಿಯಿರಿ, ಹೋಗುತ್ತದೆ ಅಂತ? ಕಾಫಿ ಕಲೆಯಾದರೆ ಹಾಗೇ ಹೇಳುತ್ತೇನೆ ಎಂದು ಡಾಕ್ಟರಮ್ಮ ತಣ್ಣಗೆ ಉತ್ತರ ಕೊಟ್ಟರು. ಸಾಹುಕಾರರು ಹಲ್ಲು ಕಡಿದರು. "ಹಲ್ಲು ಕಡೀಬೇಡಿ, ಸವೀತವೆ," ಎಂದು ಹೇಳಿ ಡಾಕ್ಟರಮ್ಮ ರೋಗಿಯ ಬಳಿಗೆ ಹೊರಟುಹೋದರು.

ಅಂಥ ಅಸಡ್ಡೆಯ ಮಾತಿಗೆ ತಲೆಬಾಗುವ ಆಸಾಮಿ ಸಾಹುಕಾರರಲ್ಲ. ಆ ದಿನ ಅಂಗಡಿಗೂ ಹೋಗದೆ ಕಾರು ಹತ್ತಿ ನೇರ ಷೋರೂಮಿಗೆ ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಅರೆದು ಅರೆದು ನುಣ್ಣಗೆ ಮಾಡಿಕೊಂಡರು. ಕೋಪದಲ್ಲಿದ್ದರಲ್ಲ, ಎದುರಿಗೆ ಬಂದ ಸೈಕಲ್ಲಿಗೂ ಬ್ರೇಕು, ಅಡ್ಡ ಬಂದ ನಾಯಿಗೂ ಬ್ರೇಕು, ಸುಮ್ಮನೆ ನಿಂತಿದ್ದ ಕಂಬಕ್ಕೂ ಬ್ರೇಕು. ಷೋರೂಮಿನ ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗೆ ಎರಡನ್ನೂ ಹೊತ್ತು ಹೊರಗೆ ಬಂದರು. ಸಾಹುಕಾರರು ಅವರ ಕೈಹಿಡಿದು ಗಾಲಿಯ ಬಳಿಗೆ ಎಳೆದು, ಕಣ್ಣಿದ್ದರೆ ನೋಡಿ ಎಂದರು. ಮ್ಯಾನೇಜರು ಬಗ್ಗಿದರು. ಬೆನ್ನ ಹಿಂದಿನಿಂದ ಸಾಹುಕಾರರೂ ಬಗ್ಗಿದರು.

ಡಿಸ್ಕು ಥಳಥಳ ಹೊಳೆಯುತ್ತಿತ್ತು.

"ಎಲ್ಲಿ ಸಾರ್?" ಎಂದು ಮ್ಯಾನೇಜರು ಬಹಳ ಮರ್ಯಾದೆಯಿಂದ ಕೇಳಿದರು.

ಸಾಹುಕಾರರು ನಾಲ್ಕೂ ಗಾಲಿಗಳ ಸುತ್ತ ಪ್ರದಕ್ಷಿಣೆ ಹಾಕಿದರು. ಇರಲಿಲ್ಲ. ಮನೆಯಲ್ಲಿ ಎಲ್ಲರೂ ನೋಡಿದ್ದಾರೆ, ತಮ್ಮ ಷಡ್ಡಕ ರೈಲ್ವೆಯವರು, ಅವರೂ ನೋಡಿದ್ದಾರೆ ಎಂದು ತೊದಲಿದರು. ಮ್ಯಾನೇಜರು ಡಾಕ್ಟರಮ್ಮ ಹೇಳಿದ್ದನ್ನೇ, ಡಾಕ್ಟರಮ್ಮ ಹೇಳಿದ ಕ್ರಮದಲ್ಲೇ, ಇನ್ನಷ್ಟು ಉದ್ದವಾಗಿ ಹೇಳಿದರು. ತೊಳೆದಾಗ, ಮಂಜು ಬಿದ್ದಾಗ, ಕಾರು ನಿಂತೇ ಇದ್ದಾಗ ಹೀಗಾಗುವುದು ಸಹಜ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ, ಓಡಿಸಿದರೆ ಹೋಗುತ್ತದೆ. ಮಾತಿನ ಕೊನೆಗೆ, "ಅದು ನಾರ್ಮಲ್ ಸಾರ್," ಎಂದು ಬಾಗಿಲು ತೆರೆದು ಹಿಡಿದರು.

ನಾರ್ಮಲ್! ಆ ಮಾತು ಸಾಹುಕಾರರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಇಷ್ಟು ವರ್ಷ ಅಂಗಡಿಯ ಗಲ್ಲಾದ ಮೇಲೆ ಕೂತು, ತುಕ್ಕು ಎಂದರೆ ಕಬ್ಬಿಣಕ್ಕೆ ಹತ್ತಿದ ಕ್ಷಯ ಎಂದು ಗಿರಾಕಿಗಳಿಗೆ ಉಪದೇಶ ಮಾಡಿದವರು ಅವರು. ತಾವು ಬಣ್ಣ ಮಾರಿದ ಗೇಟಿನ ಮೇಲೆ ತುಕ್ಕು ಕಂಡರೆ ನಾರ್ಮಲ್ ಸ್ವಾಮಿ ಎಂದು ಕೈತೊಳೆದುಕೊಳ್ಳಬಹುದಿತ್ತಲ್ಲ, ಇದು ತಮಗೇಕೆ ಇದುವರೆಗೆ ಹೊಳೆಯಲಿಲ್ಲ? ಮನೆಗೆ ಬಂದವರೇ ಷೋರೂಮಿನವರ ಕೈಸೋಂಕು ಹೋಗಲೆಂದು ಮತ್ತೆ ಪೈಪು ಸಿಕ್ಕಿಸಿ ಕಾರನ್ನು ಆಪಾದಮಸ್ತಕ ತೊಳೆದರು.

ಬೆಳಗಾದರೆ ಡಿಸ್ಕು ಕೆಂಪು!

ಈಗ ಅವರಿಗೆ ವಿಷಯ ಸ್ಪಷ್ಟವಾಯಿತು. ತುಕ್ಕು ಮಾನಗೆಟ್ಟದ್ದು, ಜೊತೆಗೆ ಹೇಡಿ. ಮನೆಯಲ್ಲಿ ಮೆರೆಯುತ್ತದೆ, ಷೋರೂಮು ಕಂಡರೆ ಬಚ್ಚಿಟ್ಟುಕೊಳ್ಳುತ್ತದೆ. ಮೊಬೈಲಿನಲ್ಲಿ ಅದರ ಪಟ ಹಿಡಿದರು. ಪಟ ಹಿಡಿದು ಷೋರೂಮಿಗೆ ಹೋದರೆ ಮ್ಯಾನೇಜರು ಪಟವನ್ನು ಒಮ್ಮೆ, ಹೊಳೆಯುವ ಡಿಸ್ಕನ್ನು ಒಮ್ಮೆ ನೋಡಿ, ಅದೇ ಇಸ್ತ್ರಿ ನಗೆ ನಕ್ಕರು. ಸಿಟ್ಟಿಗೆ ಮನೆಗೆ ಬಂದು ಮತ್ತೆ ತೊಳೆದರು. ಮತ್ತೆ ಕೆಂಪು. ಅಂಗಡಿಗೆ ಸುಣ್ಣ ಕೊಳ್ಳಲು ಬಂದವರು, ಬ್ರಷ್ಷು ಕೊಳ್ಳಲು ಬಂದವರು, ಚಿಲ್ಲರೆ ಕೇಳಲು ಬಂದವರು ಎಲ್ಲರೂ ಆ ಪಟವನ್ನು ನೋಡಿ, ಕಾರು ಕಂಪನಿಯ ಅನ್ಯಾಯವನ್ನು ಪೂರ್ತಿ ಕೇಳಿಯೇ ಹೊರಡಬೇಕಾಯಿತು. ಗುಮಾಸ್ತರು ಬಣ್ಣ ಕಲಸುತ್ತ ಕಲಸುತ್ತ ಆ ಕಥೆಯನ್ನು ಬಾಯಿಪಾಠ ಮಾಡಿಬಿಟ್ಟಿದ್ದರು.

ಕೊನೆಗೊಂದು ಬೆಳಿಗ್ಗೆ ಸಾಹುಕಾರರು ದವಾಖಾನೆಯ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ಒಂದು ಉಪಾಯ ಹೇಳಿದರು. ಇವತ್ತು ಷೋರೂಮಿಗೆ ನೀನೇ ಓಡಿಸಿಕೊಂಡು ಹೋಗು. ನಿನ್ನ ಕೈ ಹದವಾಗಿದೆ. ಮೆಲ್ಲಗೆ ಹೋದರಾಯಿತು. ತುಕ್ಕು ಹಾಗೇ ಉಳಿಯಬೇಕು.

"ಅದಕ್ಕೆ?"

"ಅದಕ್ಕೆ, ಎಲ್ಲೂ ಬ್ರೇಕ್ ಹಾಕ್ಬೇಡ."

ಡಾಕ್ಟರಮ್ಮ ಕೈಯಲ್ಲಿದ್ದ ಇಕ್ಕಳವನ್ನು ತಟ್ಟೆಯಲ್ಲಿಟ್ಟು ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಕುರ್ಚಿಯಲ್ಲಿ ಒರಗಿದ್ದ ರೋಗಿಯೂ, ಬಾಯಿ ತುಂಬ ಹತ್ತಿ ಇದ್ದುದರಿಂದ ಮಾತಾಡಲಾರದೆ, ಕಣ್ಣಲ್ಲೇ ನೋಡಿದ. ಸಾಹುಕಾರರು ಬಂದ ದಾರಿ ಹಿಡಿದರು. ನ್ಯಾಯ ಎಂಬುದು ಈ ಲೋಕದಲ್ಲಿ ಉಳಿದಿಲ್ಲ, ತಮ್ಮ ಕೈಯಾರೆ ತಾವೇ ಮಾಡಿಕೊಳ್ಳಬೇಕು ಎಂಬ ತೀರ್ಮಾನಕ್ಕೆ ಆ ಅಂಗಳದಲ್ಲೇ ಬಂದರು.

ಅಂದು ಸಂಜೆ ಅಂಗಡಿಯಿಂದ ಬರುವಾಗ ಸಾಹುಕಾರರ ಚೀಲದಲ್ಲಿ ಒಂದು ಡಬ್ಬಿ ಇತ್ತು. ಅಂಗಡಿಯ ಬಣ್ಣಗಳಲ್ಲೆಲ್ಲ ಅದು ಮಹಾರಾಜ: ಕಬ್ಬಿಣದ ಮೇಲೆ ಒಮ್ಮೆ ಕೂತರೆ ಏಳುವ ಮಾತಿಲ್ಲದ ಬೆಳ್ಳಿ ಬಣ್ಣ. ಡಾಕ್ಟರಮ್ಮ ಸಂಜೆಯ ರೋಗಿಗಳಲ್ಲಿ ಮುಳುಗಿದ್ದರು. ಸಾಹುಕಾರರು ಶೆಡ್ಡಿನಲ್ಲಿ ಗೋಣಿತಾಟು ಹಾಸಿ ಬೆನ್ನಮೇಲೆ ಮಲಗಿದರು. ಡಿಸ್ಕಿನ ಹೊರಮುಖಕ್ಕೆ ಬಳಿಯುವುದು ಸಲೀಸಾಗಿತ್ತು. ಸಣ್ಣ ಬ್ರಷ್ಷು ಕಡ್ಡಿಗಳ ನಡುವೆ ಹಾವಿನಂತೆ ಹೋಗಿ ಬಂತು. ಒಳಮುಖ ಮಾತ್ರ ಕಣ್ಣಿಗೆ ಬೀಳಲೊಲ್ಲದು. ಒಂದು ಕ್ಷಣ ಯೋಚಿಸಿ, ಎದ್ದು, ಬೆಕ್ಕಿನ ಹೆಜ್ಜೆಯಿಟ್ಟು ದವಾಖಾನೆಯ ಹಿಂಬಾಗಿಲಿಂದ ಕೈಚಾಚಿ, ಹಲ್ಲಿನ ಹಿಂಬದಿ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಎತ್ತಿಕೊಂಡು ಬಂದರು. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಬ್ರಷ್ಷು, ಬಾಯಲ್ಲಿ ಟಾರ್ಚು. ಹೆಂಡತಿಯ ವಿದ್ಯೆ, ಗಂಡನ ವಿದ್ಯೆ ಎರಡೂ ಒಂದೇ ಗಾಲಿಯ ಬಳಿ ಸೇರಿದ್ದು ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ಒಂದು ಪದರ ಬಳಿದರು, ಒಣಗಲು ಬಿಟ್ಟರು, ಕಾರನ್ನು ಇಷ್ಟಿಷ್ಟೇ ತಳ್ಳಿ ಗಾಲಿ ತಿರುಗಿಸಿ ಅಡಗಿದ್ದ ಭಾಗಕ್ಕೂ ಬಳಿದರು. ಮನಸ್ಸು ತಡೆಯದೆ ಇನ್ನೊಂದು ಪದರ ಏರಿಸಿದರು. ಕೆಲಸ ಮುಗಿದ ಮೇಲೆ ಕನ್ನಡಿಯನ್ನು ಹಾಗೇ ಸಲಕರಣೆಗಳ ಪೆಟ್ಟಿಗೆಗೆ ಸೇರಿಸಿದರು. ಹಿಂದಿನ ಗಾಲಿಗಳಲ್ಲಿ ಡಿಸ್ಕ್ ಇರದೆ ಬ್ರೇಕು ಡಬ್ಬಿಯೊಳಗೆ ಮುಚ್ಚಿಕೊಂಡಿತ್ತು. ಅದು ಆ ಗಾಲಿಗಳ ಪುಣ್ಯ, ಮತ್ತು ಮುಂದೆ ಗೊತ್ತಾಗುವಂತೆ, ಎಲ್ಲರ ಪುಣ್ಯ.

ಬೆಳಿಗ್ಗೆ ನೋಡಿದರೆ ಆಹಾ! ಎರಡು ಚಂದ್ರಬಿಂಬಗಳು ಗಾಲಿಗಳ ಹಿಂದೆ ಕೂತಿದ್ದವು. ತುಕ್ಕಿನ ಸುಳಿವಿಲ್ಲ. ಸಾಹುಕಾರರಿಗೆ ಅವತ್ತೇ ಈ ಗೆಲುವನ್ನು ನಾಲ್ಕು ಜನ ನೋಡಬೇಕು ಅನ್ನಿಸಿತು. ಅದೃಷ್ಟವೆಂಬಂತೆ ಅಂದು ಡಾಕ್ಟರಮ್ಮ ಊರಾಚೆಯ ಶಾಲೆಯೊಂದಕ್ಕೆ ಹೊರಟಿದ್ದರು, ಮಕ್ಕಳನ್ನು ಸಾಲು ನಿಲ್ಲಿಸಲು ಷಡ್ಡಕರೂ ಬರುವವರಿದ್ದರು. ಷಡ್ಡಕರು ಬಂದವರೇ ಅಭ್ಯಾಸದಂತೆ ಗಾಲಿಯ ಕಡೆಗೆ ಬಗ್ಗಲು ಹೊರಟರು. ಸಾಹುಕಾರರು ಅವರ ರಟ್ಟೆ ಹಿಡಿದು ತಡೆದರು. ಈಗಲ್ಲ, ಈಗಲ್ಲ, ಅಂಗಡಿಯ ಮುಂದೆ ನಿಲ್ಲಿಸುತ್ತೇವಲ್ಲ, ಅಲ್ಲಿ ಬೆಳಕಲ್ಲಿ ತೋರಿಸುತ್ತೇನೆ ಎಂದು ಮದುಮಗನನ್ನು ಕೂರಿಸುವ ಸಡಗರದಿಂದ ಹಿಂದಿನ ಸೀಟಿಗೆ ದಬ್ಬಿದರು. ಮುಂದಾಗಲಿದ್ದ ಅನಾಹುತವನ್ನು ಒಂದು ನೋಟದಲ್ಲಿ ತಪ್ಪಿಸಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಹೀಗೆ ಒಳಗೆ ಹಾಕಿ ಬಾಗಿಲು ಮುಚ್ಚಲಾಯಿತು.

ಡಾಕ್ಟರಮ್ಮ ಕಾರು ಹೊರಡಿಸಿದರು. ಶೆಡ್ಡಿನಿಂದ ಹಿಂದಕ್ಕೆ ತೆಗೆಯುವಾಗ ಪೆಡಲು ಯಾಕೋ ಬೇರೆ ಥರ ಇದೆಯಲ್ಲ ಎಂದು ಒಂದು ಮಾತು ಹೇಳಿದರು. ಹೊಸದು, ಪಳಗುತ್ತಿದೆ ಎಂದರು ಪಕ್ಕದಲ್ಲಿ ಕೂತಿದ್ದ ಸಾಹುಕಾರರು. ಅವರ ಮನೆ ಇರುವುದು ಇಳಿಜಾರಿನ ಬೀದಿಯ ತಲೆಯಲ್ಲಿ. ಬೀದಿಯ ಬುಡದಲ್ಲಿ, ಬಸ್ಸು ಲಾರಿ ಓಡಾಡುವ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಸಾಹುಕಾರರ ಅಂಗಡಿ. ಕಾರು ಇಳಿಜಾರಿಗೆ ಮೂತಿ ಮಾಡಿ ನಿಧಾನವಾಗಿ ಇಳಿಯತೊಡಗಿತು. ಆಮೇಲೆ ಅಷ್ಟೇನೂ ನಿಧಾನವಾಗಿ ಇಳಿಯಲಿಲ್ಲ.

ಡಾಕ್ಟರಮ್ಮ ಬ್ರೇಕ್ ಒತ್ತಿದರು. ಮುಂದಿನ ಗಾಲಿಗಳಿಂದ ಎಣ್ಣೆಯ ಮೇಲೆ ಕಾಲಿಟ್ಟಂತೆ ಜಾರುವ ಒಂದು ಸದ್ದು ಬಂತು. ಇನ್ನಷ್ಟು ಒತ್ತಿದರು. ಸುಟ್ಟ ಬಣ್ಣದ ಘಾಟು ಒಳಗೆಲ್ಲ ತುಂಬಿಕೊಂಡಿತು. ಹಿಂದಿನ ಗಾಲಿಗಳು ತಮ್ಮ ಪಾಲಿನ ಕೆಲಸ ಮಾಡುತ್ತಿದ್ದವು, ಆದರೆ ಮೂರು ಜನರನ್ನೂ ಒಂದು ಪೆಟ್ಟಿಗೆಯನ್ನೂ ಹೊತ್ತ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವ ತ್ರಾಣ ಅವಕ್ಕಿರಲಿಲ್ಲ.

"ಬ್ರೇಕ್ ಹಿಡೀತಿಲ್ಲ," ಎಂದರು ಡಾಕ್ಟರಮ್ಮ, ಹಲ್ಲು ಸ್ವಲ್ಪ ಅಲ್ಲಾಡುತ್ತಿದೆ ಎಂದು ರೋಗಿಗೆ ಹೇಳುವ ಧಾಟಿಯಲ್ಲೇ.

ಪ್ಯಾಡುಗಳು ಅವುಚುವುದು ಯಾವುದನ್ನು, ಆ ಯಾವುದರ ಮೇಲೆ ತಾವು ಎರಡೆರಡು ಪದರ ಏರಿಸಿದ್ದು ಏನನ್ನು, ಎಂಬುದು ಆ ಕ್ಷಣದಲ್ಲಿ ಸಾಹುಕಾರರಿಗೆ ಬಿಡಿಬಿಡಿಯಾಗಿ ಅರ್ಥವಾಯಿತು. ಬಾಯಿಗೆ ಬಂದದ್ದು ಮಾತ್ರ ಬೇರೆ. ಕಂಪನಿಯವರು ಮೋಸಗಾರರು, ತಾವು ಮೊದಲೇ ಹೇಳಿರಲಿಲ್ಲವೇ ಎಂದು ಅವರು ಕಿಟಕಿಯ ಹಿಡಿಕೆ ಹಿಡಿದು ಕೂಗತೊಡಗಿದರು. ಹಿಂದಿನಿಂದ ಷಡ್ಡಕರು ರೈಲು ನಿಲ್ಲಿಸುವ ಸರಪಳಿಗಾಗಿ ಎಂಬಂತೆ ತಲೆಯ ಮೇಲೆಲ್ಲ ತಡಕಾಡುತ್ತಿದ್ದರು.

ಕೆಳಗೆ ದೊಡ್ಡ ರಸ್ತೆ ಹತ್ತಿರವಾಗುತ್ತಿತ್ತು. ರಸ್ತೆಯಂಚಿನಲ್ಲಿ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ದಾಟಲು ನಿಂತಿದ್ದಳು. ಆಚೆಯಿಂದ ಬಸ್ಸೊಂದು ಬರುತ್ತಿತ್ತು. ಡಾಕ್ಟರಮ್ಮ ಗೇರು ಇಳಿಸಿದರು, ಹಾರ್ನು ಒತ್ತಿ ಹಿಡಿದರು, ಕೈಬ್ರೇಕನ್ನು ಮೆಲ್ಲಗೆ, ಗಟ್ಟಿ ಹಲ್ಲನ್ನು ಕೀಳುವ ಹಾಗೆ ಒಂದೇ ಸಮನೆ ಎಳೆಯುತ್ತ ಬಂದರು. ಕಾರಿನ ವೇಗ ತಗ್ಗಿತು, ಕಾರು ನಿಲ್ಲಲಿಲ್ಲ. ಕೊನೆಯ ಗಳಿಗೆಯಲ್ಲಿ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು.

ಎಡಕ್ಕೆ ಅಂಗಡಿ. ಅಂಗಡಿಯ ಮುಂದೆ ಗುಮಾಸ್ತರು ಆಗಷ್ಟೇ ಜೋಡಿಸಿ ಮುಗಿಸಿದ್ದ ಡಬ್ಬಿಗಳ ಗೋಪುರ. ಗುಮಾಸ್ತರು ಹಾರ್ನು ಕೇಳಿ ತಿರುಗಿ ನೋಡಿ, ಯಜಮಾನರ ಆಸ್ತಿಯನ್ನು ದೇವರ ಮೇಲೆ ಬಿಟ್ಟು ಒಳಗೆ ನೆಗೆದರು. ಕಾರು ಗೋಪುರದ ಬುಡಕ್ಕೆ ಢಿಕ್ಕಿ ಎನ್ನಲೂ ನಾಚಿಕೆಯಾಗುವಷ್ಟು ಮೆಲ್ಲಗೆ ತಾಗಿ ನಿಂತಿತು. ಗೋಪುರ ಒಂದು ಕ್ಷಣ ಯೋಚಿಸಿತು. ಆಮೇಲೆ ತುದಿಯಿಂದ ಒಂದೊಂದಾಗಿ ಡಬ್ಬಿಗಳು ಬಾನೆಟ್ಟಿನ ಮೇಲೆ, ಗಾಜಿನ ಮೇಲೆ, ಮಾಡಿನ ಮೇಲೆ ಧಡಧಡನೆ ಉರುಳಿದವು, ಮುಚ್ಚಳಗಳು ಹಾರಿದವು. ಅದು ಗೇಟುಗಳಿಗೆ ಮೊದಲ ಪದರವಾಗಿ ಬಳಿಯುವ ರೆಡ್ ಆಕ್ಸೈಡ್. ಥೇಟ್ ತುಕ್ಕಿನ ಬಣ್ಣ.

ಅಚ್ಚ ಬಿಳಿಯ ಕಾರು ಮೂತಿಯಿಂದ ಬಾಲದವರೆಗೆ ಹತ್ತು ಮಳೆಗಾಲ ಗುಜರಿಯಲ್ಲಿ ಬಿದ್ದುದರಂತೆ ಕಾಣತೊಡಗಿತು. ಸಾಹುಕಾರರು ಏನಾಯಿತೆಂದು ನೋಡಲು ಕಿಟಕಿಯಿಂದ ತಲೆ ಹೊರಗೆ ಹಾಕಿದ ಗಳಿಗೆಗೇ ಕೊನೆಯ ಡಬ್ಬಿ ಮಾಡಿನಿಂದ ವಾಲಿತು.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಮಗುವಿನ ತಾಯಿ ಒಂದು ಸಲ ಇತ್ತ ನೋಡಿ, ಮಗುವನ್ನು ಅವುಚಿಕೊಂಡು ರಸ್ತೆ ದಾಟಿದಳು. ಬಸ್ಸು ತನ್ನ ಪಾಡಿಗೆ ಹೋಯಿತು. ಜನ ಸೇರಿದರು. ನೆತ್ತಿಯಿಂದ ಹೆಗಲಿನವರೆಗೆ ಕೆಂಪಾಗಿದ್ದ ಸಾಹುಕಾರರು ಕೆಳಗಿಳಿದು, ಸೇರಿದವರಿಗೆಲ್ಲ ಕಾರು ಕಂಪನಿಯ ದ್ರೋಹವನ್ನು ಮೊದಲಿನಿಂದ ವಿವರಿಸಲು ಶುರುಮಾಡಿದರು. ಹೊಸ ಕಾರಿಗೆ ತುಕ್ಕು, ಕೇಳಿದರೆ ನಾರ್ಮಲ್ ಅನ್ನುವ ಉತ್ತರ, ಈಗ ನೋಡಿ, ಜೀವಕ್ಕೇ ಸಂಚಕಾರ. ಜನ ಹೌದು ಹೌದೆಂದು ತಲೆಯಾಡಿಸಿದರು. ಇಬ್ಬರು ತಮ್ಮ ಕಾರುಗಳ ಕಥೆಯನ್ನೂ ತೆಗೆದರು. ಸಾಹುಕಾರರ ದನಿ ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು. ಇದು ಹೀಗೇ ದಡ ಸೇರಿಬಿಡುತ್ತದೆ ಎಂದು ಅವರಿಗೆ ಅನ್ನಿಸಿದ್ದೂ ಉಂಟು.

ಅಷ್ಟರಲ್ಲಿ ಷಡ್ಡಕರು ಹಿಂದಿನ ಸೀಟಿನಿಂದ ಇಳಿದು, ಬಟ್ಟೆ ಕೊಡವಿಕೊಂಡು, ಮುಂದಿನ ಗಾಲಿಯ ಬಳಿ ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ಬೆರಳು ತೂರಿಸಿ, ಮುಟ್ಟಿ, ಮೂಸಿ ನೋಡಿದರು.

"ಅತ್ತಿಗೆ, ಡಿಸ್ಕಿಗೆ ಬಣ್ಣ ಬಳಿದಿದ್ದಾರೆ."

ಬಣ್ಣ ಬಯಲಾಯಿತು. ಜನರೆಲ್ಲ ತಲೆಯಾಡಿಸುವುದನ್ನು ನಿಲ್ಲಿಸಿ ಸಾಹುಕಾರರ ಕಡೆ ತಿರುಗಿದರು. ಅವರ ಉಗುರುಗಳ ಸಂದಿನಲ್ಲಿ ಇನ್ನೂ ಬೆಳ್ಳಿ ಮಿನುಗುತ್ತಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ತುಕ್ಕು ಬರಬಾರದೆಂದು ಅಷ್ಟೇ, ಎಂದರು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಸಾಹುಕಾರರ ಹತ್ತಿರ ಉತ್ತರಗಳಿದ್ದವು. ಕಾರು ನಿಂತಿದ್ದರೂ ಡಾಕ್ಟರಮ್ಮನ ಕಾಲು ಇನ್ನೂ ಬ್ರೇಕ್ ಒತ್ತಿಯೇ ಇತ್ತು, ಕೈಗಳು ಸ್ಟೀರಿಂಗನ್ನು ಎಡಕ್ಕೇ ಹಿಡಿದಿದ್ದವು. ಇಕ್ಕಳವನ್ನು ಹದವಾಗಿ ಹಿಡಿಯುವ ಆ ಕೈಗಳು ನಿಂತ ಕಾರನ್ನು ಬಿಡಲೊಲ್ಲದೆ ಇದ್ದುದನ್ನು ಸಾಹುಕಾರರು ಗಾಜಿನಾಚೆಯಿಂದ, ಕೆಂಪು ಹನಿಗಳ ನಡುವಿನಿಂದ ನೋಡಿದರು. ಹೊಟ್ಟೆಯೊಳಗಿನ ಸಿಟ್ಟೆಲ್ಲ ಎಲ್ಲೋ ಸೋರಿ ಹೋಯಿತು. ಬಾಗಿಲು ತೆರೆದು ಕೈಚಾಚಿದರು. ಡಾಕ್ಟರಮ್ಮ ಆ ಕೈ ಹಿಡಿಯದೆ ತಾವೇ ಇಳಿದರು.

"ಅಂಗಡಿ ನಮ್ಮದಲ್ವಾ, ಅದಕ್ಕೇ ಈ ಕಡೆ ತಿರುಗಿಸಿದೆ," ಎಂದಷ್ಟೇ ಹೇಳಿ ಸಲಕರಣೆಯ ಪೆಟ್ಟಿಗೆ ಕೆಳಗಿಳಿಸಿದರು. ಶಾಲೆಯಲ್ಲಿ ಮಕ್ಕಳು ಕಾಯುತ್ತಿದ್ದರು.

ಅಂದು ಮತ್ತೆ ಬಸ್ಸೇ ಗತಿಯಾಯಿತು. ಪೆಟ್ಟಿಗೆಯನ್ನು ಸಾಹುಕಾರರು ಕಸಿದುಕೊಂಡರು. ಮುಖ ತಿಕ್ಕಿಕೊಂಡಿದ್ದರೂ ಕೆಂಪು ಪೂರ್ತಿ ಹೋಗಿರಲಿಲ್ಲ. ನಿಂತೇ ಪ್ರಯಾಣ ಮಾಡುತ್ತಿದ್ದ ಅವರ ಅಕ್ಕಪಕ್ಕ, ಬಸ್ಸು ಕಿಕ್ಕಿರಿದಿದ್ದರೂ, ಯಾರೂ ಹತ್ತಿರ ಸುಳಿಯಲಿಲ್ಲ. ಭಾರಕ್ಕೆ ತೋಳು ಕಿತ್ತು ಬರುತ್ತಿತ್ತು. ಇದನ್ನು ಇವಳು ಇಷ್ಟು ವರ್ಷ ಹೊತ್ತಳಲ್ಲ, ಈ ಕಷ್ಟ ತಪ್ಪಿಸಲು ಕೊಂಡ ಕಾರನ್ನು ತಾನು ಬರೀ ಕಣ್ಣಂದಕ್ಕೆ ಬಲಿ ಕೊಡಲು ಹೊರಟಿದ್ದೆನಲ್ಲ ಎಂದು ಅವರಿಗೆ ಪ್ರತಿ ತಿರುವಿನಲ್ಲೂ ಅನ್ನಿಸುತ್ತಿತ್ತು. ಶಾಲೆಯಲ್ಲಿ ಡಾಕ್ಟರಮ್ಮ ಪೆಟ್ಟಿಗೆ ತೆರೆದು ಕನ್ನಡಿಗಳಲ್ಲೊಂದನ್ನು ಎತ್ತಿಕೊಂಡರೆ ಅದರ ಹಿಡಿಯ ತುಂಬ ಬೆಳ್ಳಿ ಬಣ್ಣ. ಅದನ್ನು ಗಂಡನ ಅಂಗಿಯ ಜೇಬಿಗೆ ಇಳಿಬಿಟ್ಟು, ಇನ್ನೊಂದನ್ನು ತೆಗೆದುಕೊಂಡು, ಮೊದಲ ಮಗುವಿನ ಗಲ್ಲ ಹಿಡಿದರು. ದಿನವಿಡೀ ಅವರಿಬ್ಬರ ನಡುವೆ ನಡೆದ ಸಂಭಾಷಣೆ ಅಷ್ಟೇ.

ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಷೋರೂಮಿಗೆ ಎಳೆದುಕೊಂಡು ಹೋಗಿದ್ದರು. ಮುಗಿಯಿತು ಎಂದು ಅಲ್ಲಿಂದ ಫೋನು ಬಂದಾಗ ಗಂಡ ಹೆಂಡತಿ ಇಬ್ಬರೂ ಹೋದರು. ದಾರಿಯಲ್ಲಿ ಸಾಹುಕಾರರು ತಾವಾಗಿಯೇ ಒಪ್ಪಿಕೊಂಡರು: ಮ್ಯಾನೇಜರು ಏನು ಅಂದರೂ ತಲೆತಗ್ಗಿಸಿ ಕೇಳಿಸಿಕೊಳ್ಳುತ್ತೇನೆ, ಕಂಪನಿಯ ವಿಷಯ ಎತ್ತುವುದಿಲ್ಲ, ಯಾರ ಮೇಲೂ ಸಿಟ್ಟಾಗುವುದಿಲ್ಲ. ಡಾಕ್ಟರಮ್ಮ ನೋಡೋಣ ಎಂಬಂತೆ ನೋಡಿದರು. ಹಾಗೆ ನೋಡಿದ್ದೇ ಸಂಧಾನದ ಮೊದಲ ಸೂಚನೆ ಎಂದು ಸಾಹುಕಾರರಿಗೆ ಸಮಾಧಾನವಾಯಿತು.

ಕಾರು ಮತ್ತೆ ಅಚ್ಚ ಬಿಳಿಯಾಗಿ ನಿಂತಿತ್ತು. ಪ್ಯಾಡುಗಳು ಹೊಸವು, ಡಿಸ್ಕುಗಳು ಹಳೆಯವೇ. ಮ್ಯಾನೇಜರು ಹೊರಗೆ ಬಂದರು. ಈ ಸಲ ಮುಖದ ಮೇಲೆ ಇಸ್ತ್ರಿ ನಗೆ ಇರಲಿಲ್ಲ. ಬೈಗುಳ ಈಗ ಬರುತ್ತದೆ ಎಂದು ಸಾಹುಕಾರರು ತಲೆ ತಗ್ಗಿಸಿ ಸಿದ್ಧರಾದರು. ಮ್ಯಾನೇಜರು ಅವರನ್ನು ಬದಿಗೆ ಕರೆದು, ಗುಟ್ಟು ಕೇಳುವವರಂತೆ ದನಿ ತಗ್ಗಿಸಿದರು. ಬಾನೆಟ್ಟಿನ ಕೆಂಪು ಹೇಗೋ ಹೋಯಿತಂತೆ. ಡಿಸ್ಕಿನ ಮೇಲಿನ ಬೆಳ್ಳಿ ಬಣ್ಣ ತೆಗೆಯುವಷ್ಟರಲ್ಲಿ ವರ್ಕ್‌ಷಾಪಿನವರೆಲ್ಲ ಸುಸ್ತಾದರಂತೆ. ಥಿನ್ನರಿಗೆ ಜಗ್ಗಲಿಲ್ಲ, ತಂತಿ ಬ್ರಷ್ಷಿಗೆ ಬಗ್ಗಲಿಲ್ಲ, ಕೊನೆಗೆ ಡಿಸ್ಕನ್ನೇ ಬಿಚ್ಚಿ ಮೆಷಿನ್ನಿಗೆ ಕೊಟ್ಟು ಮೇಲ್ಮೈ ಹೆರೆಸಬೇಕಾಯಿತಂತೆ. ಅಂಚಿನಲ್ಲಿ ಇನ್ನೂ ಒಂದಿಷ್ಟು ಕೂತೇ ಇದೆಯಂತೆ.

"ನಮ್ಮ ಷೋರೂಮಿನ ಗೇಟು ವರ್ಷ ವರ್ಷ ತುಕ್ಕು ಹಿಡಿಯತ್ತೆ ಸಾರ್. ಏನು ಬಳಿದರೂ ನಿಲ್ಲಲ್ಲ. ಅದು ಯಾವ ಬಣ್ಣ ಅಂತ ಸ್ವಲ್ಪ ಹೇಳ್ತೀರಾ?"

ಸಾಹುಕಾರರ ತಗ್ಗಿದ ತಲೆ ಮೆಲ್ಲನೆ ಮೇಲೆದ್ದಿತು. ಬೆನ್ನು ನೆಟ್ಟಗಾಯಿತು. ಕಣ್ಣುಗಳಲ್ಲಿ ಗಲ್ಲಾದ ಹಿಂದಿನ ಆ ಹಳೆಯ ಬೆಳಕು ಮರಳಿತು. ಕೈಯೆರಡೂ ತಾವಾಗಿ ಸೊಂಟಕ್ಕೆ ಏರಿದವು. ಗಂಟಲು ಸರಿಮಾಡಿಕೊಂಡು ಅವರು ತುಟಿ ಬಿಚ್ಚಿದರು.

ಇಷ್ಟು ವರ್ಷಗಳ ವೃತ್ತಿಯಲ್ಲಿ ಎಳೆಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಕಂಡಕಂಡವರಿಗೆಲ್ಲ ಬಾಯಿ ತೆಗೀರಿ, ಇನ್ನೂ ದೊಡ್ಡದಾಗಿ ತೆಗೀರಿ ಎಂದೇ ಹೇಳಿಕೊಂಡು ಬಂದಿದ್ದ ಡಾಕ್ಟರಮ್ಮ, ಗಂಡನ ಭುಜದ ಮೇಲೆ ಕೈಯಿಟ್ಟರು.

"ಬಾಯಿ ಮುಚ್ಚಿ."